ಸಾವಿರದ ಐನೂರು ಮೀಟರಿನ ಟ್ಯಾಂಕು

ವಿಮಾನ ನಿಲ್ದಾಣದಲ್ಲಿ ಕೆಲಸ ಎಂದ ಕೂಡಲೇ ಜನ ನನ್ನನ್ನು ಎರಡು ಪ್ರಶ್ನೆ ಕೇಳುತ್ತಾರೆ. ವಿಮಾನ ಹತ್ತಿದ್ದೀರಾ? ಟಿಕೆಟ್ ಕಡಿಮೆಗೆ ಸಿಗುತ್ತದಾ? ಎರಡಕ್ಕೂ ಇಲ್ಲ ಎಂದರೆ ಅವರ ಮುಖದಲ್ಲಿದ್ದ ಗೌರವ ಅಲ್ಲೇ ಇಳಿದುಹೋಗುತ್ತದೆ. ನಮ್ಮದು ಹವಾಮಾನದ ಕೋಣೆ. ರನ್‌ವೇ ಬದಿಯಲ್ಲಿ ಹಳೆಯ ಎರಡಂತಸ್ತಿನ ಕಟ್ಟಡ, ಮೇಲೆ ತಾರಸಿ. ಅರ್ಧ ಗಂಟೆಗೊಮ್ಮೆ ತಾರಸಿ ಹತ್ತಬೇಕು. ಗಾಳಿ ಎತ್ತ ಬೀಸುತ್ತಿದೆ, ಮೋಡ ಎಷ್ಟಿದೆ, ಎಷ್ಟು ದೂರದವರೆಗೆ ಕಣ್ಣಿಗೆ ಕಾಣುತ್ತಿದೆ ಎಂದು ನೋಡಬೇಕು. ನೋಡಿದ್ದನ್ನು ಫೋನಿನಲ್ಲಿ ಕಂಟ್ರೋಲ್ ಟವರಿಗೆ ಹೇಳಿ ಪುಸ್ತಕದಲ್ಲಿ ಬರೆಯಬೇಕು. ನೋಡುವುದಕ್ಕೂ ಸಂಬಳ ಕೊಡುತ್ತಾರಾ ಎಂದು ನನ್ನ ಓರಗಿತ್ತಿ ಇವತ್ತಿಗೂ ಕೇಳುತ್ತಾಳೆ.

ನನಗೆ ನೋಡುವುದನ್ನು ಕಲಿಸಿದವರನ್ನು ನಿಲ್ದಾಣದ ಮಂದಿ ಎದುರಿಗೆ ಸರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಹದ್ದು ಎನ್ನುತ್ತಿದ್ದರು. ಸಣಕಲು ದೇಹ, ಜೇಬಿನಲ್ಲಿ ಎರಡು ಪೆನ್ನು, ಕ್ಯಾನ್ವಾಸ್ ಬೂಟು. ತಾರಸಿಯ ಕಟ್ಟೆಗೆ ಒರಗದೆ, ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಕಟ್ಟೆಗೆ ಒರಗಿದವನ ಕಣ್ಣೂ ಒರಗುತ್ತದೆ ಎಂಬುದು ಅವರ ವಾದ. ಇದಕ್ಕೆ ಆಧಾರವೇನು ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಅವರು ಕೆಲಸಕ್ಕೆ ಸೇರಿದಾಗ ಇಲ್ಲಿ ಒಂದು ತಗಡಿನ ಶೆಡ್ಡು, ದಿನಕ್ಕೊಂದು ಸಣ್ಣ ವಿಮಾನ, ರನ್‌ವೇ ಮೇಲೆ ಮೇಯುವ ಆಡುಗಳು, ಇಷ್ಟೇ ಇದ್ದದ್ದಂತೆ. ಯಾವುದು ಎಷ್ಟು ದೂರದಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಇವರು ಅಳತೆಯ ಸರಪಳಿ ಹಿಡಿದು ಎರಡು ತಿಂಗಳು ಹೊಲ, ಚರಂಡಿ, ಮುಳ್ಳುಕಂಟಿ ಎನ್ನದೆ ನಡೆದು, ಒಂದು ನಕ್ಷೆ ಬರೆದರು. ನಡುವೆ ನಮ್ಮ ತಾರಸಿ. ಸುತ್ತ ಗುರುತುಗಳು. ಹೆಂಚಿನ ಕಾರ್ಖಾನೆಯ ಚಿಮಣಿ, ಒಂಬೈನೂರು ಮೀಟರು. ಊರ ನೀರಿನ ಟ್ಯಾಂಕು, ಸಾವಿರದ ಐನೂರು. ಶಾಲೆಯ ಮಾಡು, ಎರಡೂವರೆ ಸಾವಿರ. ಗುಡ್ಡದ ಮೇಲಿನ ಕಂಬ, ಐದು ಸಾವಿರ. ಆ ನಕ್ಷೆಗೆ ಗಾಜಿನ ಚೌಕಟ್ಟು ಹಾಕಿಸಿ ಮೆಟ್ಟಿಲ ಬುಡದಲ್ಲಿ ತೂಗುಹಾಕಿದ್ದರು. ಮಂಜು ಬಿದ್ದ ದಿನ ಯಾವ ಗುರುತಿನವರೆಗೆ ಕಂಡಿತೋ ಅದೇ ಅಂದಿನ ದೂರ. ಎಲ್ಲಕ್ಕಿಂತ ಮುಖ್ಯವಾದದ್ದು ಟ್ಯಾಂಕು. ಟ್ಯಾಂಕು ಕಂಡರೆ ವಿಮಾನ ಇಳಿಯಬಹುದು, ಕಾಣದಿದ್ದರೆ ಬೇರೆ ಊರಿಗೆ ಹೋಗಬೇಕು.

ಉಳಿದವರೆಲ್ಲ ಫೋನಿನಲ್ಲಿ ಬರೀ ಅಂಕಿ ಹೇಳುತ್ತೇವೆ. ಅವರು ಮಾತ್ರ ಗುರುತನ್ನೂ ಸೇರಿಸಿ ಹೇಳುತ್ತಿದ್ದರು. ಟ್ಯಾಂಕು ಕಾಣ್ತಿದೆ, ಸಾವಿರದ ಐನೂರು. ಗುರುತಿಲ್ಲದ ಅಂಕಿ ಬಾಯಿಗೆ ಬಂದ ಅಂಕಿ ಎನ್ನುತ್ತಿದ್ದರು. ಇನ್ನೊಂದು ಮಾತು ಅವರ ಬಾಯಲ್ಲಿ ಯಾವಾಗಲೂ ಇರುತ್ತಿತ್ತು: ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು.

ನಾನು ಸೇರಿದ ಮೊದಲ ವರ್ಷ ಒಂದು ಮಧ್ಯಾಹ್ನ ಮಳೆ ಹುಯ್ಯುತ್ತಿತ್ತು. ಮೇಲೆ ಹತ್ತಲು ಬೇಸರವಾಗಿ ಹಿಂದಿನ ಅರ್ಧ ಗಂಟೆಯ ಅಂಕಿಯನ್ನೇ ಬರೆದುಬಿಟ್ಟೆ. ಅವರು ಬಂದು ಪುಸ್ತಕ ನೋಡಲಿಲ್ಲ, ಮೂಲೆಯಲ್ಲಿದ್ದ ನನ್ನ ಛತ್ರಿ ನೋಡಿದರು. ಅದು ಒಣಗಿತ್ತು. ಬೈಯಲಿಲ್ಲ. ಒಂದು ಹಾಳೆ ಕೊಟ್ಟು, ನಾನು ನೋಡದೆ ಬರೆದೆ ಎಂದು ನನ್ನ ಕೈಯಿಂದಲೇ ತಪ್ಪಿನ ವರದಿ ಬರೆಸಿ, ಸಹಿ ಹಾಕಿಸಿ ಆಫೀಸರಿಗೆ ಕಳಿಸಿದರು. ಅತ್ತುಕೊಂಡು ಬರೆದೆ. ಒಂದು ತಿಂಗಳು ಅವರ ಜೊತೆ ಮಾತಾಡಲಿಲ್ಲ. ನಾನು ಮಾತು ಬಿಟ್ಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ ಎಂಬ ಸಿಟ್ಟು ಇನ್ನೂ ಇದೆ.

ಆಮೇಲೆ ನಮ್ಮ ನಿಲ್ದಾಣ ಬೆಳೆಯತೊಡಗಿತು. ಅಂತರರಾಷ್ಟ್ರೀಯ ಎಂಬ ಫಲಕ ಬಂತು. ಅಂತರರಾಷ್ಟ್ರೀಯ ಆಗಲು ಏನೇನು ಬೇಕೆಂದು ನಾನು ತಿಳಿದಿದ್ದೆನೋ! ವಾರಕ್ಕೆರಡು ಸಲ ಹೊರದೇಶದಿಂದ ಬರುವ ಒಂದು ವಿಮಾನ, ಅದರಿಂದ ಇಳಿದವರನ್ನು ತಡೆದು ನಿಲ್ಲಿಸಲು ನಾಲ್ಕು ಕೌಂಟರು, ಇಷ್ಟಿದ್ದರೆ ಸಾಕಾಯಿತು. ಗಾಜಿನ ದೊಡ್ಡ ಟರ್ಮಿನಲ್ ಎದ್ದಿತು. ಶಾಲೆಯ ಮಾಡು ಅದರ ಹಿಂದೆ ಮರೆಯಾಯಿತು. ರನ್‌ವೇ ಉದ್ದ ಮಾಡಲು ಕಾರ್ಖಾನೆಯನ್ನು ಕೊಂಡು ಚಿಮಣಿ ಕೆಡವಿದರು. ಆ ಜಾಗದ ಹತ್ತಿರ ಅಗ್ನಿಶಾಮಕ ಠಾಣೆ ಬಂತು. ಸರ್ ಮತ್ತೆ ಅಳತೆಗೆ ಹೋದರು, ಠಾಣೆಯ ಕೆಂಪು ಬಾಗಿಲನ್ನು ಒಂಬೈನೂರರ ಗುರುತು ಮಾಡಿಕೊಂಡರು, ನಕ್ಷೆಯ ಗಾಜು ಬಿಚ್ಚಿ ಚಿಮಣಿಯ ಮೇಲೆ ಕಾಗದ ಅಂಟಿಸಿದರು. ಒಂದು ಗುರುತು ಹೋದಾಗಲೆಲ್ಲ ಮನೆಯ ಹಲ್ಲು ಬಿದ್ದಂತೆ ಆಗುತ್ತದೆ ಎಂದರು. ಮನೆಗೆಲ್ಲಿ ಹಲ್ಲು ಸರ್ ಎಂದೆ. ಅವರು ನಗಲಿಲ್ಲ.

ರನ್‌ವೇ ಬದಿಯಲ್ಲಿ ದೂರ ಅಳೆಯುವ ಯಂತ್ರಗಳನ್ನೂ ನೆಟ್ಟರು. ಪರೀಕ್ಷೆ ಮುಗಿದಿಲ್ಲವೆಂದು ಅವು ಒಂದೂವರೆ ವರ್ಷದಿಂದ ಪ್ಲಾಸ್ಟಿಕ್ ಹೊದ್ದುಕೊಂಡು ನಿಂತಿದ್ದವು. ಅಲ್ಲಿಯವರೆಗೆ ನಮ್ಮ ಕಣ್ಣೇ ಯಂತ್ರ.

ಆ ಕಣ್ಣು ಕೈಕೊಡುತ್ತಿದೆ ಎಂದು ನನಗೆ ಗೊತ್ತಾದದ್ದು ಥರ್ಮಾಮೀಟರಿನಿಂದ. ಅದನ್ನು ಅವರು ಯಾರಿಗೂ ಓದಲು ಬಿಡುತ್ತಿರಲಿಲ್ಲ. ಒಂದು ದಿನ, ನೀನು ಓದು, ನಾನು ಬರೀತೀನಿ ಎಂದರು. ಕೆಲವು ವಾರ ಕಳೆದ ಮೇಲೆ, ನೀನೇ ಬರಿ, ನಿನ್ನ ಅಕ್ಷರ ಚೆನ್ನಾಗಿದೆ ಎಂದರು. ಹನ್ನೆರಡು ವರ್ಷದಿಂದ ನನ್ನ ಅಕ್ಷರವನ್ನು ಕೋಳಿ ಕೆದರಿದ ಹಾಗಿದೆ ಎನ್ನುತ್ತಿದ್ದ ಮನುಷ್ಯ! ಅಂದೇ ಮೆಟ್ಟಿಲ ಮೇಲೆ ಅಡ್ಡ ನಿಂತು ಕೇಳಿದೆ.

“ಪೊರೆ ಬಂದಿದೆ,” ಎಂದರು. “ಎರಡೂ ಕಣ್ಣಿಗೆ.”

ಆಪರೇಷನ್ ಮಾಡಿಸಿಕೊಂಡರೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಕಣ್ಣಿಗೆಂದು ರಜೆ ಬರೆದರೆ ಅದು ಕಾಗದಕ್ಕೆ ಹೋಗುತ್ತದೆ, ವೈದ್ಯರ ಮಂಡಳಿ ಕೂರುತ್ತದೆ, ಅದು ಒಪ್ಪುವವರೆಗೆ ತಾರಸಿ ಹತ್ತುವಂತಿಲ್ಲ. ಅಂಥವರನ್ನು ಹಳೆಯ ಪುಸ್ತಕಗಳ ಕೋಣೆಗೆ ಹಾಕುತ್ತಾರೆ. ಅಲ್ಲಿಗೆ ಹೋದವರು ಯಾರೂ ವಾಪಸ್ಸು ಮೇಲೆ ಬಂದದ್ದನ್ನು ಅವರು ನೋಡಿರಲಿಲ್ಲ. ನಿವೃತ್ತಿಗೆ ಹತ್ತು ತಿಂಗಳಿತ್ತು.

“ಹತ್ತೇ ತಿಂಗಳು ತಾಯಿ. ತಾರಸಿಯಿಂದ ಇಳಿದು ಸೀದಾ ಮನೆಗೆ ಹೋಗ್ತೀನಿ. ದೂರದ್ದು ಚೆನ್ನಾಗೇ ಕಾಣುತ್ತೆ. ಹತ್ತಿರದ್ದೇ ತೊಂದರೆ.”

ನನಗೂ ಅದನ್ನು ನಂಬುವುದೇ ಬೇಕಾಗಿತ್ತು. ಅಂದಿನಿಂದ ಪಾಳಿಗಳನ್ನು ಅವರ ಜೊತೆಗೇ ಹಾಕಿಸಿಕೊಂಡೆ. ಇಬ್ಬರೂ ಮೇಲೆ ಹೋಗುತ್ತಿದ್ದೆವು. ಅವರು ನೋಡಿ ಫೋನಿನಲ್ಲಿ ಹೇಳುವಾಗ ನಾನೂ ನೋಡುತ್ತಿದ್ದೆ. ಅಂಕಿ ತಪ್ಪಿದರೆ ಕೆಮ್ಮುತ್ತಿದ್ದೆ. ಕೂಡಲೇ ಅವರು, ಇಲ್ಲ ಇಲ್ಲ, ಇನ್ನೊಮ್ಮೆ ನೋಡ್ತೀನಿ ಎಂದು ತಿದ್ದಿಕೊಳ್ಳುತ್ತಿದ್ದರು. ಆ ಚಳಿಗಾಲ ನಾನು ಎಷ್ಟು ಕೆಮ್ಮಿದೆನೆಂದರೆ ಟವರಿನವರು ಫೋನಿನಲ್ಲೇ ಕಷಾಯ ಹೇಳಿಕೊಟ್ಟರು.

ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ನಿಲ್ದಾಣದ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅಕ್ಕ, ಅಂದರೆ ಅವರ ಹೆಂಡತಿ, ಪೇಪರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಇವರು ಕುರ್ಚಿಯಲ್ಲಿ ಕೂತು, ತಾವೇ ಓದುತ್ತಿರುವವರಂತೆ ಕನ್ನಡಕ ಹಾಕಿಕೊಂಡಿದ್ದರು. ಅಡುಗೆಮನೆಯಲ್ಲಿ ಅಕ್ಕ ಡಬ್ಬಿಗಳ ಜಾಗ ಯಾವುದನ್ನೂ ಬದಲಿಸಿರಲಿಲ್ಲ. ಬದಲಿಸಿದರೆ ಅವರಿಗೆ ಸಿಗುವುದಿಲ್ಲ ಎಂದರು. ಇದ್ದ ಜಾಗದಲ್ಲೇ ಇದ್ದರೆ ಸಕ್ಕರೆ ಡಬ್ಬಿಗೆ ನೇರ ಕೈ ಹಾಕುತ್ತಾರೆ, ನೋಡಿದವರಿಗೆ ಕಣ್ಣು ಮಂದ ಎಂದು ಗೊತ್ತೇ ಆಗುವುದಿಲ್ಲ.

“ನೀನಾದರೂ ಹೇಳಮ್ಮ. ನನ್ನ ಮಾತು ಕಿವಿಗೇ ಹಾಕ್ಕೊಳಲ್ಲ,” ಎಂದರು ಅಕ್ಕ.

ಹತ್ತು ತಿಂಗಳು ತಾನೇ ಅಕ್ಕಾ, ನಾನಿದ್ದೀನಲ್ಲ ಎಂದೆ. ಸಕ್ಕರೆ ಡಬ್ಬಿಯ ಮಾತನ್ನು ನಾನು ಅಲ್ಲೇ ಅರ್ಥ ಮಾಡಿಕೊಳ್ಳಬೇಕಿತ್ತು. ಬುದ್ಧಿಗೆ ಮಂಕು ಕವಿದಿತ್ತು.

ಟ್ಯಾಂಕನ್ನು ಮುಂದಿನ ತಿಂಗಳು ಕೆಡವುತ್ತೇವೆ ಎಂದು ಪತ್ರ ಬಂದಿತ್ತು. ದೊಡ್ಡ ವಿಮಾನಗಳು ಬರುವ ದಾರಿಗೆ ಅದು ಎತ್ತರವಾಗಿತ್ತು. ಅಷ್ಟರೊಳಗೆ ಹೊಸ ಗುರುತು ಹುಡುಕಬೇಕೆಂದು ಸರ್ ಹೇಳುತ್ತಲೇ ಇದ್ದರು. ಆದರೆ ಗುತ್ತಿಗೆದಾರನಿಗೆ ಯಂತ್ರ ಬೇಗ ಸಿಕ್ಕಿತೋ ಏನೋ, ಒಂದು ಬುಧವಾರ ಮಧ್ಯಾಹ್ನ ಬಂದು ಕೆಡವಿಯೇಬಿಟ್ಟ. ಅಂದು ಸರ್‌ಗೆ ವಾರದ ರಜೆ. ತಾರಸಿಯಲ್ಲಿ ನಿಂತು ನೋಡಿದೆ. ನಾಲ್ಕು ಕಾಲಿನ ಟ್ಯಾಂಕು ಒಂದು ಮೊಣಕಾಲೂರಿ ಕೂತು, ಆಮೇಲೆ ಮಲಗಿತು. ಮೆಟ್ಟಿಲ ಬುಡದ ನಕ್ಷೆಯಲ್ಲಿ ಟ್ಯಾಂಕಿನ ಮೇಲೆ, ಗಾಜಿನ ಮೇಲೆಯೇ, ಪೆನ್ಸಿಲಿನಿಂದ ಅಡ್ಡಗೆರೆ ಎಳೆದೆ. ಬೆಳಿಗ್ಗೆ ನಾನೇ ಸರ್‌ಗೆ ಹೇಳಿದರಾಯಿತು ಎಂದುಕೊಂಡು ಮನೆಗೆ ಹೋದೆ. ಫೋನು ಮಾಡಬಹುದಿತ್ತು. ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ಊರಿಗೆ ಊರೇ ಮಂಜಿನಲ್ಲಿ ಮುಳುಗಿತ್ತು. ಹೊರದೇಶದ ವಿಮಾನ ಬರುವ ದಿನ. ಆರು ಗಂಟೆಗೆ ನಮ್ಮಿಬ್ಬರ ಪಾಳಿ. ಮಂಜಿನಲ್ಲಿ ನನ್ನ ಬಸ್ಸು ತೆವಳುತ್ತಾ ಬಂದು ಇಪ್ಪತ್ತೈದು ನಿಮಿಷ ತಡವಾಯಿತು. ಅಷ್ಟರಲ್ಲಿ ರಾತ್ರಿ ಪಾಳಿಯವನು ಸರ್‌ಗೆ ಕೆಲಸ ಒಪ್ಪಿಸಿ ಹೋಗಿದ್ದ. ಒಪ್ಪಿಸುವ ಪುಸ್ತಕದಲ್ಲಿ, ಟ್ಯಾಂಕು ಗುರುತಿನಿಂದ ಹೋಗಿದೆ ಎಂದು ಇರುವೆಯಂಥ ಅಕ್ಷರದಲ್ಲಿ ಬರೆದಿದ್ದ. ವ್ಯಾನು ತಪ್ಪೀತು ಎಂಬ ಅವಸರದಲ್ಲಿ ಬಾಯಲ್ಲಿ ಹೇಳಿರಲಿಲ್ಲ. ಕೆಳಗೆ ಸರ್ ಸಹಿ ಹಾಕಿದ್ದರು.

ಆರೂವರೆಗೆ ನಾನು ಮೆಟ್ಟಿಲು ಹತ್ತುವಾಗ ಮೇಲೆ ಅವರ ದನಿ ಕೇಳಿಸಿತು. ಕೈಯಲ್ಲಿ ಫೋನು, ಮುಖ ಟ್ಯಾಂಕಿನ ದಿಕ್ಕಿಗೆ.

“ಟ್ಯಾಂಕು ಕಾಣ್ತಿದೆ. ಸಾವಿರದ ಐನೂರು.”

ಒಂದು ಕೆಮ್ಮು ಸಾಕಿತ್ತು. ಬಾಯಿ ತೆರೆದೆ. ಈಗ ಕೆಮ್ಮಿದರೆ ಏನಾಗುತ್ತದೆ ಎಂದು ಯೋಚನೆ ಬಂತು. ಇದು ನೂರಿನ್ನೂರು ಮೀಟರಿನ ಹೆಚ್ಚುಕಡಿಮೆಯಲ್ಲ. ಟ್ಯಾಂಕೇ ಇಲ್ಲ. ಅವರು ತಡವರಿಸಿದರೆ ಟವರಿನವರಿಗೆ ತಿಳಿದುಹೋಗುತ್ತದೆ, ಮೂವತ್ತಮೂರು ವರ್ಷದ ಹೆಸರು ಒಂದು ಫೋನಿನಲ್ಲಿ ಹೋಗುತ್ತದೆ. ನಾನು ಇಷ್ಟು ಯೋಚಿಸುವಷ್ಟರಲ್ಲಿ ಅವರು ಫೋನು ಇಟ್ಟರು. ಟವರಿನವರೂ ಹಿಂದಿನ ದಿನ ಟ್ಯಾಂಕು ಬಿದ್ದದ್ದನ್ನು ನೋಡಿದ್ದರು, ಫೋಟೋ ಕೂಡ ತೆಗೆದಿದ್ದರು. ಆದರೂ ಟ್ಯಾಂಕು ಕಾಣ್ತಿದೆ ಎಂಬ ಮಾತು ಯಾರ ಕಿವಿಗೂ ನಾಟಲಿಲ್ಲ. ಅಷ್ಟು ವರ್ಷ ಅದನ್ನೇ ಕೇಳಿ ಕೇಳಿ ಅವರ ಕಿವಿಗೂ ಪೊರೆ ಬಂದಿತ್ತು.

ನಾನು ನೋಡಿದೆ. ಒಂಬೈನೂರರ ಕೆಂಪು ಬಾಗಿಲೂ ಕಾಣುತ್ತಿರಲಿಲ್ಲ. ವಿಮಾನಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು. ಫೋನು ನನ್ನ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ಆ ನಾಲ್ಕು ನಿಮಿಷ ಅವರದ್ದಲ್ಲ, ನನ್ನದು. ಯಾರು ಏನೇ ಸಮಾಧಾನ ಹೇಳಿದರೂ ಆ ಲೆಕ್ಕ ಬದಲಾಗುವುದಿಲ್ಲ.

ಮೊದಲು ಸದ್ದು ಬಂತು. ಸದ್ದು ತಗ್ಗುತ್ತಾ ಬರಬೇಕಾದದ್ದು ಒಮ್ಮೆಗೇ ಎದೆಯ ಮೇಲೆ ಹಾದುಹೋಗುವಂತೆ ಗರ್ಜಿಸಿತು. ರನ್‌ವೇ ಕಾಣದೆ ಪೈಲಟ್ ಮತ್ತೆ ಮೇಲೆತ್ತಿದ್ದ. ನಮ್ಮ ತಲೆಯ ಮೇಲೇ ಹೋಯಿತು, ವಿಮಾನ ಮಾತ್ರ ಕಾಣಲಿಲ್ಲ. ತಾರಸಿಯ ನೀರಿನ ಕೊಳವೆ ನಡುಗಿತು. ಫೋನು ಬಡಿದುಕೊಂಡಿತು. ನಿಮ್ಮ ಸಾವಿರದ ಐನೂರು ಎಲ್ಲಿ ಹೋಯ್ತು ಎಂದು ಟವರಿನವರು ಕೇಳಿದರು. ಮಂಜು ಸರಿದಾಡ್ತಿದೆ ಎಂದರು ಸರ್. ಆಗ ನಾನು ಕೆಮ್ಮಿದೆ. ಎರಡು ಸಲ. ಕೆಂಪು ಬಾಗಿಲೂ ಮಸುಕು, ಎಂಟುನೂರು ಎಂದು ತಿದ್ದಿದರು.

ವಿಮಾನ ಅರ್ಧ ಗಂಟೆ ಮೇಲೆ ಸುತ್ತಿತು. ಬಿಸಿಲು ಬಂದು ಮಂಜು ಹರಿದ ಮೇಲೆ ಇಳಿಯಿತು. ಜನ ಇಳಿದು ಬಂದರು. ನಿದ್ದೆ ಹೋದ ಮಕ್ಕಳು, ಕೈಚೀಲಗಳು. ಒಬ್ಬ ಮುದುಕಿ ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು, ನೆಲವನ್ನು ಕಾಲಿನಿಂದ ಮುಟ್ಟಿ ನೋಡಿ ಇಳಿದಳು. ನೂರ ಅರವತ್ತು ಮಂದಿ. ಯಾರಿಗೂ ಏನೂ ಗೊತ್ತಿಲ್ಲ. ಮಂಜಿನಲ್ಲಿ ಹೀಗಾಗುವುದುಂಟು ಎಂದು ಟವರಿನವರೂ ಬರೆದುಕೊಂಡು ಸುಮ್ಮನಾದರು.

ಎಂಟೂವರೆಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಸರ್ ಚಹಾದ ಲೋಟ ಹಿಡಿದು ಮೇಲೆ ಬಂದು, ಆ ದಿಕ್ಕಿಗೆ ತಿರುಗಿ, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನಿಂತರು. ಉಳಿದ ದಿನ ಇಂಥ ಬಿಸಿಲಿನಲ್ಲಿ ಟ್ಯಾಂಕು ಅವರಿಗೆ ಕಪ್ಪು ಮುದ್ದೆಯಾಗಿಯಾದರೂ ತೋರುತ್ತಿತ್ತು.

“ಇಷ್ಟು ಬಿಸಿಲಿದೆ. ಟ್ಯಾಂಕು ಯಾಕೆ ಕಾಣ್ತಿಲ್ಲ ತಾಯಿ?”

“ಟ್ಯಾಂಕಿಲ್ಲ ಸರ್. ನಿನ್ನೆ ಮಧ್ಯಾಹ್ನ ಕೆಡವಿದರು.”

ಅವರು ಲೋಟವನ್ನು ಕಟ್ಟೆಯ ಮೇಲಿಟ್ಟರು. ಕೈ ತಡವಿ, ಜಾಗ ನೋಡಿಕೊಂಡು ಇಟ್ಟರು.

“ನಾನು ಸುಳ್ಳು ಹೇಳಲಿಲ್ಲ,” ಎಂದರು. “ಕಂಡಿತು. ನಾಲ್ಕು ಕಾಲು, ಮೇಲೆ ಗುಂಡು, ಬಲಗಡೆ ಏಣಿ. ಬೆಳಿಗ್ಗೆ ಕಂಡಿತು ನನಗೆ.”

ಅವರು ಸುಳ್ಳು ಹೇಳಿರಲಿಲ್ಲ ಎಂದು ನಾನು ಇವತ್ತೂ ಆಣೆ ಮಾಡಿ ಹೇಳುತ್ತೇನೆ. ಅಕ್ಕನ ಅಡುಗೆಮನೆಯ ಸಕ್ಕರೆ ಡಬ್ಬಿಯ ಹಾಗೆ ಅದು ಅಲ್ಲಿತ್ತು. ಇರುವ ಜಾಗಕ್ಕೆ ಕಣ್ಣು ಹೋಗಿ, ಇರುವುದನ್ನು ತಂದುಕೊಟ್ಟಿತ್ತು. ಎಷ್ಟು ದಿನದಿಂದ ಹೀಗೆ ಕಾಣುತ್ತಿತ್ತೋ, ಯಾವ ಯಾವ ಬೆಳಿಗ್ಗೆ ನಿಜವಾದ ಟ್ಯಾಂಕು ನೋಡಿದ್ದರೋ, ಯಾವಾಗ ತಲೆಯೊಳಗಿನದನ್ನು ನೋಡಿದ್ದರೋ, ಅವರಿಗೂ ಗೊತ್ತಿರಲಿಲ್ಲ. ಅದು ಅವರಿಗೆ ಹೊಳೆದದ್ದನ್ನು ಅವರ ಮುಖದಲ್ಲಿ ಕಂಡೆ.

“ನಿನಗೆ ಗೊತ್ತಿತ್ತು,” ಎಂದರು.

“ಗೊತ್ತಿತ್ತು.”

“ಕೆಮ್ಮಲಿಲ್ಲ.”

“ಇಲ್ಲ.”

ಮುಂದೆ ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ, ಅದರಲ್ಲಿ ಬಚ್ಚಿಡುವಂಥದ್ದೇನೂ ಇಲ್ಲ. ಅವರಿಗೆ ಆಪರೇಷನ್ ಆಯಿತು, ಕಣ್ಣು ಬಂತು. ನಿವೃತ್ತಿಯಾದದ್ದು ಹಳೆಯ ಪುಸ್ತಕಗಳ ಕೋಣೆಯಿಂದಲೇ. ನನ್ನನ್ನು ಆರು ತಿಂಗಳು ತಾರಸಿಯಿಂದ ಇಳಿಸಿದರು. ಒಂದೂವರೆ ವರ್ಷದಿಂದ ಪ್ಲಾಸ್ಟಿಕ್ ಹೊದ್ದಿದ್ದ ಯಂತ್ರಗಳ ಪರೀಕ್ಷೆ ಹದಿನೈದೇ ದಿನದಲ್ಲಿ ಮುಗಿಯಿತು. ಕೆಲವರು ಅವರನ್ನು ಹದ್ದು ಎನ್ನುವುದನ್ನು ಬಿಟ್ಟರು. ಬೇರೆ ಏನೋ ಅಂದರು, ಅದನ್ನು ನಾನು ಬರೆಯುವುದಿಲ್ಲ.

ಇದೆಲ್ಲ ಆದದ್ದು ಒಂದು ಹಾಳೆಯಿಂದ. ಆ ಹಾಳೆ ಇಲ್ಲದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಅದನ್ನೇ ಹೇಳಿದೆ. ಎಲ್ಲರೂ ಕ್ಷೇಮವಾಗಿ ಇಳಿದಿದ್ದಾರೆ ಸರ್, ನಾಳೆಯಿಂದಲೇ ರಜೆ ಹಾಕಿ, ಬೇರೆ ಕಾರಣ ಬರೆಯೋಣ ಎಂದೆ. ಬೇಡಿಕೊಂಡೆ ಎಂದರೂ ಸರಿಯೇ. ಅವರು ಕೇಳಿಸಿಕೊಂಡು ಕೆಳಗಿಳಿದು, ಮೇಜಿನ ಎದುರು ಕೂತು, ಖಾನೆಯಿಂದ ಹಾಳೆ ತೆಗೆದರು. ಜೇಬಿನ ಪೆನ್ನು ತೆಗೆದು ಎರಡು ಸಾಲು ಬರೆದರು. ಎರಡನೆಯ ಸಾಲು ಮೊದಲನೆಯದರ ಮೇಲೇ ಹತ್ತಿ ಕೂತಿತ್ತು. ನಾನು ನೋಡಿದ್ದು ಅವರಿಗೆ ತಿಳಿಯಿತು. ಹಾಳೆಯನ್ನು ನನ್ನ ಕಡೆಗೆ ತಳ್ಳಿದರು.

“ಕೋಳಿ ಕೆದರಿದ ಹಾಗಿದ್ದರೂ ಪರವಾಗಿಲ್ಲ, ನೀನು ಬರಿ. ನಾನು ಹೇಳ್ತೀನಿ.”

ಅವರು ಹೇಳಿದರು, ನಾನು ಬರೆದೆ. ಆರೂವರೆಗೆ ಟ್ಯಾಂಕು ಕಂಡಿತೆಂದು ಹೇಳಿದೆ. ಟ್ಯಾಂಕು ಇರಲಿಲ್ಲ. ನನ್ನ ಎರಡೂ ಕಣ್ಣಿಗೆ ಪೊರೆ ಬಂದು ಏಳು ತಿಂಗಳಾಗಿದೆ, ಅದನ್ನು ಮುಚ್ಚಿಟ್ಟೆ. ಒಪ್ಪಿಸುವ ಪುಸ್ತಕಕ್ಕೆ ಓದದೆ ಸಹಿ ಹಾಕಿದೆ. ನಾನು ನೋಡದೆ ಹೇಳಿದೆ. ಅಲ್ಲಿಗೆ ನಿಲ್ಲಿಸಿದರು. ನನ್ನ ವಿಷಯ ಒಂದಕ್ಷರ ಇರಲಿಲ್ಲ.

ನಾನು ಪೆನ್ನು ಎತ್ತಲಿಲ್ಲ. ಅವರ ಕೊನೆಯ ಸಾಲಿನ ಕೆಳಗೆ, ಟ್ಯಾಂಕು ಬಿದ್ದದ್ದು ನನಗೆ ಗೊತ್ತಿತ್ತು, ಇವರ ಕಣ್ಣಿನ ವಿಷಯವೂ ಗೊತ್ತಿತ್ತು, ನಾಲ್ಕು ನಿಮಿಷ ಸಮಯವಿದ್ದೂ ಟವರಿಗೆ ಹೇಳಲಿಲ್ಲ ಎಂದು ಬರೆಯತೊಡಗಿದೆ.

“ನಾನು ಹೇಳಿದ್ದು ಮುಗೀತಲ್ಲ. ಇನ್ನೇನು ಬರೀತಿದ್ದೀಯ?”

“ತಾರೀಖು ಸರ್.”

ಅವರು ತಲೆ ಒಂದು ಕಡೆಗೆ ವಾಲಿಸಿ ಪೆನ್ನಿನ ಸದ್ದು ಕೇಳುತ್ತಾ ಕೂತರು.

“ತಾರೀಖು ಅಷ್ಟುದ್ದ ಇರಲ್ಲ ತಾಯಿ.”

ನಾನು ಬರೆದು ಮುಗಿಸಿದೆ, ನನ್ನ ಹೆಸರು ಹಾಕಿದೆ. ಓದು ಎಂದರು. ಅವರ ಸಾಲುಗಳನ್ನು ಓದಿದೆ, ನನ್ನದನ್ನು ಓದಲಿಲ್ಲ. ಎಲ್ಲಾ ಓದಿದೆಯಾ ಎಂದರು. ಓದಿದೆ ಎಂದೆ. ಕಂಡರೂ ಪರಾಂಬರಿಸಿ ನೋಡು ಎನ್ನುತ್ತಿದ್ದ ಮನುಷ್ಯ ಮತ್ತೆ ಕೇಳಲಿಲ್ಲ. ಸಹಿ ಎಲ್ಲಿ ಎಂದು ಮಾತ್ರ ಕೇಳಿದರು. ಅವರ ಬೆರಳು ಹಿಡಿದು ನನ್ನ ಹೆಸರಿನ ಕೆಳಗೆ ಇಟ್ಟೆ. ಅವರು ಸಹಿ ಹಾಕಿದರು.